ಶರಣಮ್ಮನ ಎಣ್ಣೆ, ನನ್ನ ಟಾಕಿಯ ಕೆಸರು

ಹೋದ ತಿಂಗಳು ನನ್ನ ಕಾರನ್ನು ಗುಜರಿಗೆ ಕೊಟ್ಟೆ. ಅದರ ಪಾಸಿಂಗ್, ಅಂದರೆ ರಸ್ತೆಗಿಳಿಯುವ ಪರವಾನಗಿ, ಮುಗಿದಿತ್ತು, ನನ್ನ ಕಣ್ಣೂ ಹೆಚ್ಚುಕಡಿಮೆ ಮುಗಿದಿತ್ತು. ಗುಜರಿ ಅಂಗಳದಲ್ಲಿ ಇಬ್ಬರು ಅದನ್ನು ಬಿಚ್ಚುವುದನ್ನು ನೋಡುತ್ತ ಒಂದು ಹಳೆಯ ಟೈರಿನ ಮೇಲೆ ಕೂತಿದ್ದೆ. ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಬಾಗಿಲು ಬಿಚ್ಚಿದರು, ಸೀಟು ಕಿತ್ತರು, ಕಡೆಗೆ ಡೀಸೆಲ್ ಟಾಕಿಯನ್ನು ಇಳಿಸಿ ಉಳಿಯಿಂದ ಸೀಳಿದರು. ಸೀಳಿದವನು ಒಳಗೆ ಕೈ ಹಾಕಿ ತಳವನ್ನು ಸವರಿ, ತನ್ನ ಬೆರಳನ್ನೇ ಎರಡು ಸಲ ನೋಡಿಕೊಂಡ.

“ಕಾಕಾ, ಟಾಕಿ ಕಶಾನೆ ಧುತಲಿ?” ಅಂದ. ಯಾತರಿಂದ ತೊಳೆದಿರಿ ಅಂತ. ಇಷ್ಟು ಹಳೆಯ ಗಾಡಿಯ ಟಾಕಿಯಲ್ಲಿ ಬೊಗಸೆಗಟ್ಟಲೆ ಕೆಸರು ಸಿಗಬೇಕು, ಇದರಲ್ಲಿ ಹನಿಯಷ್ಟೂ ಇಲ್ಲ ಎಂದು ಅವನಿಗೆ ಸೋಜಿಗ.

“ನಾ ತೊಳೀಲಿಲ್ಲಪ್ಪಾ” ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಅವನಿಗೆ ತಿಳಿಯಲಿಲ್ಲ. ಮರಾಠಿಯಲ್ಲಿ ಬಿಡಿಸಿ ಹೇಳಲು ಹೋದರೆ ಒಂದು ಮಳೆಗಾಲದ ಕಥೆ ಪೂರ್ತಿ ಹೇಳಬೇಕಾಗುತ್ತಿತ್ತು. ಅವನಿಗೆ ಪುರುಸೊತ್ತು ಇರಲಿಲ್ಲ. ನನಗೆ ಇದೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವ ರೂಢಿಯಿಲ್ಲ, ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತಪ್ಪಿದ್ದರೆ ನುಂಗಿಕೊಳ್ಳಿ.

ನಾನು ಧಾರವಾಡದ ಕಡೆಯವನು. ಇಪ್ಪತ್ತೆರಡರ ವಯಸ್ಸಿನಲ್ಲಿ ಪುಣೆಗೆ ಬಂದೆ. ಸದಾಶಿವ ಪೇಠದಲ್ಲಿ ನಮ್ಮ ಕಡೆಯವರೇ ಒಬ್ಬರು ಡಾಕ್ಟರು ಇದ್ದರು, ಹಳೆಯ ವಾಡೆಯ ಕೆಳಗೆ ದವಾಖಾನೆ, ಮೇಲೆ ಮನೆ. ಅವರ ಹತ್ತಿರ ಡ್ರೈವರಾಗಿ ಸೇರಿದವನು ಅವರು ದವಾಖಾನೆಯ ಬಾಗಿಲು ಹಾಕುವವರೆಗೂ ಅಲ್ಲೇ ಇದ್ದೆ. ಸಾಹೇಬರು ನನ್ನನ್ನು ಒಂದು ದಿನವೂ ಬೈದವರಲ್ಲ. ಕೆಲಸ ಮುಗಿದ ದಿನ ಕಾರಿನ ಕೀಲಿಯನ್ನು ನನ್ನ ಕೈಯಲ್ಲಿಟ್ಟು, “ಇದನ್ನ ನೀ ಕೂಸಿನಂಗ ನೋಡ್ಕೊಂಡಿ ವೆಂಕಟೇಶ, ಇನ್ನ ನೀನs ಇಟ್ಕೋ” ಅಂದರು. ಕಾಗದ ಪತ್ರವನ್ನೂ ನನ್ನ ಹೆಸರಿಗೆ ಮಾಡಿಸಿದ್ದರು. ನಾನು ಅವರ ಕಾಲು ಮುಟ್ಟಿದೆ. ಏಳುವಾಗ ಅವರ ಮುಖ ನೋಡಲಿಲ್ಲ. ಸಂಕೋಚಕ್ಕೆಂದು ಅವರು ತಿಳಿದುಕೊಂಡರು.

ಕಾರಣ ಬೇರೆ. ಆರು ವರ್ಷ, ವಾರಕ್ಕೊಮ್ಮೆ, ನಾನು ಅದೇ ಕಾರಿನ ಟಾಕಿಗೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಬೆರೆಸಿದ್ದೆ. ಸ್ವಾರಗೇಟಿನ ಹಿಂದಿನ ಓಣಿಯಲ್ಲಿ ಒಬ್ಬನಿದ್ದ. ಪಂಪಿನಲ್ಲಿ ತುಂಬಿಸಿದ ಡೀಸೆಲನ್ನು ಒಂದಿಷ್ಟು ಅವನು ಪೈಪಿನಿಂದ ಎಳೆದುಕೊಳ್ಳುವುದು, ಬದಲಿಗೆ ತುಕ್ಕು ಹಿಡಿದ ಡ್ರಮ್ಮಿನಿಂದ ರೇಶನ್ನಿನ ನೀಲಿ ಎಣ್ಣೆ ಸುರಿಯುವುದು, ಎಳೆದುಕೊಂಡ ಡೀಸೆಲಿನ ದುಡ್ಡು ನನ್ನ ಕಿಸೆಗೆ. ಮಗಳ ಫೀಸಿಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಫೀಸನ್ನು ಸಾಹೇಬರೇ ಕೊಡುತ್ತಿದ್ದರು. ಒಮ್ಮೊಮ್ಮೆ ಅವರು, “ಗಾಡಿ ಯಾಕೋ ಏರಿಗೆ ಎಳೀವಲ್ದಲ್ಲೋ” ಎಂದು ಕೇಳಿದರೆ, “ಆ ಪಂಪಿನ ಡೀಸೆಲ್ಲs ಖೊಟ್ಟಿ ಅದರಿ ಸಾಹೇಬ್ರ” ಅನ್ನುತ್ತಿದ್ದೆ. ಅವರು ಪಂಪು ಬದಲಿಸಲು ಹೇಳಿದರು, ಬದಲಿಸಿದೆ. ಓಣಿಯನ್ನು ಬದಲಿಸಲಿಲ್ಲ. ಕಡೆಗೆ ಬಿಟ್ಟಿದ್ದೂ ಬುದ್ಧಿ ಬಂದು ಅಲ್ಲ, ರೇಶನ್ನಿನಲ್ಲಿ ಚಿಮಣಿ ಎಣ್ಣೆ ಸಿಗುವುದೇ ನಿಂತುಹೋಯಿತು.

ಕರೋನಾ ಕಳೆದ ಮೇಲೆ ಒಂದು ಶ್ರಾವಣದಲ್ಲಿ ಸಾಹೇಬರು ತೀರಿಕೊಂಡರು. ಮಕ್ಕಳಿರಲಿಲ್ಲ. ಅವರ ಹೆಂಡತಿ ಪದ್ಮಾಬಾಯಿಯವರು ವಾಡೆಯಲ್ಲೇ ಉಳಿದರು. ಉಳಿದರು ಎಂದರೆ ಮೂಲೆ ಹಿಡಿದರು ಅಂತಲ್ಲ. ಗುರುವಾರ ಸಂಜೆ ವಾಡೆಯ ಅಂಗಳದಲ್ಲಿ ನಮ್ಮ ಕಡೆಯವರ ಭಜನೆ, ಅದಕ್ಕೆ ಇಪ್ಪತ್ತು ಮೂವತ್ತು ಜನ, ಎಲ್ಲರಿಗೂ ಫರಾಳದ ತಿಂಡಿ, ಎಲ್ಲರ ಮೇಲೂ ಅವರ ಜೋರು. ನಾನು ಕಾರಿನಲ್ಲಿ ಅವರನ್ನು ಪೇಟೆಗೆ, ದವಾಖಾನೆಗೆ ಕರೆದೊಯ್ಯುತ್ತಿದ್ದೆ. ಪಗಾರ ಅಂತ ಇರಲಿಲ್ಲ. ನಾನು ಆ ಮನೆಯ ಮನುಷ್ಯ ಅನ್ನುವ ಮಾತಿತ್ತು. ಅದೇ ನನ್ನ ಆಸ್ತಿಯಾಗಿತ್ತು.

ಮರುವರ್ಷ ಮಳೆ ಶುರುವಾಗುವ ಹೊತ್ತಿಗೆ ಆ ಅಂಗಳಕ್ಕೆ ಶರಣಮ್ಮ ಬಂದಳು. ಹಿಂದಿನ ದಿನ ಏನೋ ಸಮಾರಾಧನೆ, ಬೂಂದಿ ಕರಿದ ಎಣ್ಣೆ ಎರಡು ಡಬ್ಬಿ ಉಳಿದಿತ್ತು. ಕರಿದ ಎಣ್ಣೆ ಒಯ್ಯುವವರು ಯಾರಾದರೂ ಇದ್ದಾರೇನು ಎಂದು ಪದ್ಮಾಬಾಯಿ ಅಡಿಗೆಯವರನ್ನು ಕೇಳಿದ್ದಕ್ಕೆ ಅವರು ಇವಳನ್ನು ಕಳಿಸಿದ್ದು. ನಲವತ್ತೈದರ ಆಸುಪಾಸು, ಕಲಬುರ್ಗಿ ಕಡೆಯವಳು, ಸೆರಗನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ.

“ಏನ್ ಮಾಡ್ತೀಯವಾ ಇದನ್ನ ಒಯ್ದು? ಸಾಬೂನ ಮಾಡ್ತೀಯೇನು?” ಎಂದು ಪದ್ಮಾಬಾಯಿ ಕೇಳಿದರು.

“ಇಲ್ರಿ ಬಾಯಾರ. ಗಾಡಿಗಿ ಹಾಕೂದು ಮಾಡ್ತೀನ್ರಿ. ಬಯೋಡೀಸಲ್ ಅಂತಾರ ನೋಡ್ರಿ, ಅದು.”

“ಯಾವ ಗಾಡಿಗೆ?”

“ಯಾವ ಡೀಸಲ್ ಗಾಡಿಗಿ ಆದ್ರೂ ಆಯ್ತದ್ರಿ. ಹಳೇದಿದ್ರ ಇನ್ನಾ ಚಲೋ. ಹೊಸಾ ಗಾಡಿಗೋಳು ಭಾಳ ನಾಜೂಕ್ ಅವ, ಏನ್ ಕೊಟ್ರೂ ಮಾರಿ ತಿರುವ್ತಾವ.”

ಅಂಗಳದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಗೋಪಾಳರಾಯರು ಕೂತಿದ್ದರು. ಅವರದೂ ಹಳೆಯ ಡೀಸೆಲ್ ಕಾರು. ಅವರು ಕನ್ನಡಕ ತೆಗೆದು ಕೇಳಿದರು: “ಹೋಟೆಲ್ಲಿನ ಎಣ್ಣೀನೂ ತರ್ತಿರಬೇಕಲ್ಲ, ಅದರಾಗ ಕೋಳಿ ಕರಿದದ್ದೂ ಇರ್ತದಲ್ಲವಾ? ಅಂಥಾ ಗಾಡ್ಯಾಗ ಕೂತು ಗುರುವಾರ ಭಜನಿಗೆ ಬರೋದು ಹ್ಯಾಂಗ?”

“ನಿಮ್ಮ ಕಾರು ಏಕಾದಶಿ ಮಾಡ್ತದೇನ್ರಿ ಗೋಪಾಳರಾವ್?” ಎಂದರು ಪದ್ಮಾಬಾಯಿ. ಎಲ್ಲರೂ ನಕ್ಕರು.

ಶರಣಮ್ಮ ನಗಲಿಲ್ಲ. “ಅದೂ ಇರ್ತದ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಅದರ ಡ್ರಮ್ಮು ಬ್ಯಾರೆ, ಇದರ ಡ್ರಮ್ಮು ಬ್ಯಾರೆ. ಕೋಳಿದು ಜನರೇಟರಿಗಿ ಹೋಯ್ತದ. ನಿಮಗ ಖಾನಾವಳಿದು, ಫರಾಳದ ಅಂಗಡೀದು ಅಷ್ಟೇ. ಬಂದು ನೋಡ್ರಿ ಬೇಕಾದ್ರ.”

ನೋಡಲು ಹೋದವನು ನಾನು. ಪುಣೆಯ ಅಂಚಿನ ಕೊಂಢವಾದಲ್ಲಿ, ಏಳುತ್ತಿರುವ ಕಟ್ಟಡಗಳ ಹಿಂದೆ, ಅವಳ ತಗಡಿನ ಶೆಡ್ಡು. ಹಸಿರು ಮುಚ್ಚಳದ ಡ್ರಮ್ಮುಗಳು ಒಂದು ಗೋಡೆಗೆ, ಕೆಂಪು ಮುಚ್ಚಳದವು ಎದುರಿನ ಗೋಡೆಗೆ, ನಡುವೆ ಸುಣ್ಣದ ಗೆರೆ. ಪರವಾನಗಿಯ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಹೊಲಿದು ಮೊಳೆಗೆ ನೇತುಹಾಕಿದ್ದಳು. ರಾಂಜಣಗಾಂವದ ಒಂದು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಏಳು ವರ್ಷ ಬಾಟಲಿ ತೊಳೆಯುವ ಕೆಲಸ ಮಾಡಿದ್ದಳಂತೆ. ಅಲ್ಲಿನ ಒಬ್ಬ ಮೇಡಮ್ಮು ಊಟದ ಬಿಡುವಿನಲ್ಲಿ ಇವಳಿಗೆ ಇದನ್ನೆಲ್ಲ ಕಲಿಸಿದ್ದು. ಎಣ್ಣೆಯನ್ನು ಸೋಸಬೇಕು, ಕಾಯಿಸಬೇಕು, ಕಾಸ್ಟಿಕ್ಕು ಮತ್ತು ಸ್ಪಿರಿಟ್ಟು ಅಳೆದು ಸೇರಿಸಬೇಕು, ಒಂದು ದಿನ ಬಿಟ್ಟರೆ ಕಾಕಂಬಿಯಂಥ ಗಸಿ ಕೆಳಗೆ ಕೂರುತ್ತದೆ. ಮೇಲಿನದನ್ನು ಬಸಿದು ನೀರಿನಲ್ಲಿ ತೊಳೆಯಬೇಕು. ಎಣ್ಣೆಯನ್ನು ನೀರಿನಲ್ಲಿ ತೊಳೆಯುವುದನ್ನು ನಾನು ಅಲ್ಲಿಯೇ ಮೊದಲು ನೋಡಿದ್ದು. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ ಬಾಟಲಿಯಲ್ಲಿ ಅರ್ಧ ನೀರು, ಅರ್ಧ ಎಣ್ಣೆ ಹಾಕಿ ಜೋರಾಗಿ ಅಲುಗಾಡಿಸಿ ಕಿಟಕಿಯಲ್ಲಿಟ್ಟಳು.

“ನೀರು ತನ್ನ ಪಾಡಿಗಿ ತಾ, ಎಣ್ಣಿ ತನ್ನ ಪಾಡಿಗಿ ತಾ ನಿಂದ್ರಬೇಕ್ರಿ ಅಣ್ಣಾರ. ನಡಕ ಬೆಳ್ಳನ ಪದರ ಬಂತಂದ್ರ ನನ್ನ ತೊಳಿಯೂದು ಕಮ್ಮಿ ಆಗ್ಯದ ಅಂತ ತಿಳೀಬೇಕು.”

ಪದರ ಬರಲಿಲ್ಲ. ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೇರೆ ಯಾರ ಮೆಚ್ಚುಗೆಯೂ ಬೇಕಿಲ್ಲದ ಕಣ್ಣು ಅದು.

ಕ್ಯಾನು ತುಂಬಿಸಿಕೊಡುವಾಗ ಅವಳು ಹೇಳಿದಳು: “ಮೊದಲನೇ ತಿಂಗಳ ಮೂರು ಪಾಲು ಡೀಸಲ್, ಒಂದು ಪಾಲು ನಂದು ಹಾಕ್ರಿ. ಇದು ಸುಮ್ಕ ಕುಂದ್ರೂ ಎಣ್ಣಿ ಅಲ್ಲ. ಟಾಕ್ಯಾಗ ಹಳೇ ಹೊಲಸು ಏನರ ಇದ್ರ ಕೆದರಿ ತರ್ತದ, ಫಿಲ್ಟರ್ ಜಾಮ್ ಆಯ್ತದ. ನಿಮ್ ಗಾಡಿಗಿ ಯಾವಾಗರ ಬ್ಯಾರೆ ಏನರ ಹಾಕೀರೇನ್ರಿ? ಹಾಕಿದ್ರ ಹೇಳ್ರಿ, ಮೊದಲ ಟಾಕಿ ಇಳಿಸಿ ತೊಳ್ಸೂನು.”

ನಾನು ಆ ಸುಣ್ಣದ ಗೆರೆಯ ಮೇಲೆ ನಿಂತಿದ್ದೆ. ಹೇಳಬಹುದಿತ್ತು. “ಡಾಕ್ಟರ್ ಸಾಹೇಬ್ರ ಗಾಡಿ ಅದವಾ” ಎಂದೆ, ಇಂಥ ಪ್ರಶ್ನೆ ಕೇಳಿದ್ದೇ ತಪ್ಪು ಎನ್ನುವ ಹಾಗೆ. ಅವಳು ತಲೆಯಾಡಿಸಿ, “ಹಂಗಾದ್ರ ಕಾಳಜಿ ಇಲ್ಲರಿ” ಎಂದಳು.

ಒಂದು ತಿಂಗಳಲ್ಲಿ ಭಜನೆಯ ಬಳಗದ ಐದು ಹಳೆಯ ಕಾರುಗಳು ಅವಳ ಎಣ್ಣೆಗೆ ಬಂದವು. ಗೋಪಾಳರಾಯರದೂ ಬಂತು. ಗುರುವಾರ ವಾಡೆಯ ಮುಂದೆ ಕಾರುಗಳು ನಿಂತರೆ ಓಣಿಯಲ್ಲೆಲ್ಲ ಶಂಕರಪಾಳಿ ಕರಿದ ಹಾಗೆ ಹೊಗೆಯ ವಾಸನೆ. ನನ್ನ ಎಂಜಿನ್ನಿನ ಸದ್ದು ಮೆತ್ತಗಾಯಿತು, ಕರಿಹೊಗೆ ನಿಂತಿತು. ನಾನು ಬಳಗದ ಮುಂದೆ ಬೀಗಿದೆ. ಬೀಗಿ, ಪಾಲುಗೀಲು ಯಾಕೆಂದು ಅವಳ ಎಣ್ಣೆಯನ್ನೇ ಟಾಕಿ ತುಂಬ ಹಾಕಿದೆ. ಶರಣಮ್ಮ ಗುರುವಾರ ಕ್ಯಾನು ಕೊಡಲು ಬಂದವಳು ಅಂಗಳದ ತುದಿಯಲ್ಲಿ, ಚಪ್ಪಲಿಗಳ ಹತ್ತಿರ ಕೂತು ಭಜನೆ ಕೇಳಿ ಹೋಗುತ್ತಿದ್ದಳು. ಮುಂದೆ ಬಾ ಎಂದು ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಶ್ರಾವಣದಲ್ಲಿ ಸಾಹೇಬರ ವರ್ಷಾಂತಿಕ ಬಂತು. ವಾಯಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ ಮಾಡಿಸಬೇಕೆಂದು ಪದ್ಮಾಬಾಯಿಯವರ ಇಚ್ಛೆ. ಬೆಳಿಗ್ಗೆ ಬೇಗ ಹೊರಟೆವು. ಅವರು ಹಿಂದೆ, ತೊಡೆಯ ಮೇಲೆ ಪೂಜೆಯ ಬುಟ್ಟಿ, ಬಾಯಿಗೆ ಹನಿ ನೀರಿಲ್ಲ. ಖಂಬಾಟ್ಕಿ ಘಾಟಿನ ನಡುವೆ ಕಾರು ಎರಡು ಸಲ ಕೆಮ್ಮಿತು, ನಿಂತುಬಿಟ್ಟಿತು. ಮಳೆ ಅಂದರೆ ಮಳೆ. ಬಾನೆಟ್ಟು ಎತ್ತಿದರೆ ಕೈ ಕಾಣುತ್ತಿರಲಿಲ್ಲ. ಎರಡು ತಾಸಿನ ಮೇಲೆ ಒಬ್ಬ ಲಾರಿ ಡ್ರೈವರು ಇಳಿದು ಬಂದು ಫಿಲ್ಟರ್ ಬಿಚ್ಚಿ ಕೊಡವಿದ. ಕರ್ರಗಿನ ಲೋಳೆ ರಸ್ತೆಯ ಮೇಲೆ ಬಿದ್ದು ಮಳೆನೀರಿನಲ್ಲಿ ಹರಿದುಹೋಯಿತು. ವಾಯಿ ಮುಟ್ಟುವ ಹೊತ್ತಿಗೆ ಪುರೋಹಿತರು ಕಾದು ಕಾದು ಇನ್ನೊಂದು ಕಡೆ ಹೋಗಿದ್ದರು. ಹೊತ್ತು ಮೀರಿತ್ತು. ಪದ್ಮಾಬಾಯಿ ನದಿಗೆ ಒಂದು ಬೊಗಸೆ ಹೂವು ಬಿಟ್ಟು, “ಇರ್ಲಿ. ಅವರು ಇದ್ದಾಗೂ ಊಟಕ್ಕ ತಡಾನs ಮಾಡ್ತಿದ್ರು” ಎಂದರು. ನಕ್ಕರೇನೋ ಎಂದು ನೋಡಿದೆ, ಮುಖ ಆ ಕಡೆ ತಿರುಗಿಸಿದ್ದರು.

ಮರುದಿನ ನಮ್ಮ ಓಣಿಯ ಸದು ಮಿಸ್ತ್ರಿ ಗಾಡಿ ಬಿಚ್ಚಿದ. ಮೂವತ್ತು ವರ್ಷದಿಂದ ಗೆಳೆಯ, ಮರಾಠಿಯವನು. ಟಾಕಿಯನ್ನು ಓರೆ ಮಾಡಿ ತಳದ್ದನ್ನು ಒಂದು ಬಕೆಟ್ಟಿಗೆ ಇಳಿಸಿದ: ತುಕ್ಕಿನ ಪುಡಿ, ಕೊಳೆತ ನೀರು, ಡಾಂಬರಿನಂಥ ಕೆಸರು. ಆಮೇಲೆ ಎಣ್ಣೆ ತಳ್ಳುವ ಪಂಪಿನ ಉಕ್ಕಿನ ಕಡ್ಡಿಯನ್ನು ಒರೆಸಿ ಬೆಳಕಿಗೆ ಹಿಡಿದ. ಉದ್ದಕ್ಕೂ ಗೀರು.

“ಇದು ಈ ಎಣ್ಣೆಯ ಪಾಪ ಅಲ್ಲ, ವೆಂಕಟರಾವ್” ಎಂದ. “ಈ ಎಣ್ಣೆಗೆ ಜಿಡ್ಡಿದೆ, ಇದು ಪಂಪನ್ನು ಕಾಯುತ್ತದೆ. ಈ ಗೀರು ರಾಕೇಲಿನದು, ಚಿಮಣಿ ಎಣ್ಣೆಯದು. ಯಾರೋ ವರ್ಷಗಟ್ಟಲೆ ಈ ಗಾಡಿಗೆ ರಾಕೇಲ ಕುಡಿಸಿದ್ದಾರೆ. ಆ ರಾಕೇಲಿನ ಹೊಲಸೇ ತಳದಲ್ಲಿ ಕೂತಿತ್ತು. ಡೀಸೆಲ್ಲು ಅದನ್ನು ಕದಲಿಸಿರಲಿಲ್ಲ, ಈ ಎಣ್ಣೆ ಕದಲಿಸಿತು.” ನನ್ನ ಮುಖ ನೋಡಿದ. ಡಾಕ್ಟರ ಗಾಡಿ ಮೊದಲ ದಿನದಿಂದ ಯಾರ ಕೈಯಲ್ಲಿತ್ತು ಎಂದು ಅವನಿಗೆ ಗೊತ್ತು.

“ಯಾರಿಗೂ ಹೇಳಬೇಡ” ಎಂದೆ.

“ನಾನು ಯಾಕೆ ಹೇಳಲಿ” ಎಂದು ಅವನು ಬಕೆಟ್ಟನ್ನು ಪಕ್ಕಕ್ಕೆ ಸರಿಸಿದ. “ನನ್ನ ಬಾಯಿಯ ಚಿಂತೆ ಬಿಡು.”

ಗುರುವಾರ ಬಂತು. ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಸಾಹೇಬರ ವರ್ಷಾಂತಿಕ ಕೆಟ್ಟ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಗೋಪಾಳರಾಯರು ಕೇಳಿದರು: “ಏನಾಗಿತ್ತೋ ವೆಂಕಟೇಶ ಗಾಡಿಗೆ? ನಮ್ಮ ಗಾಡಿಗೂ ಹಂಗs ಆಗೂದೇನು ಮತ್ತ?”

ಹಳೇ ಕೆಸರು ಇತ್ತು ಎಂದಿದ್ದರೆ ಸಾಕಿತ್ತು. ಆದರೆ ಕೆಸರು ಎಲ್ಲಿಂದ ಬಂತೆಂದು ಯಾರಾದರೂ ಕೇಳಿಯಾರು ಎಂಬ ಅಂಜಿಕೆ. ಅಂಜಿದವನ ಬಾಯಿ ಬೇಕಾದ್ದಕ್ಕಿಂತ ದೊಡ್ಡದಾಗುತ್ತದೆ. ನಾನು ಅಂದೆ: “ಫಿಲ್ಟರಿನ್ಯಾಗ ಚರಬಿ ಸಿಕ್ಕಿತ್ರಿ. ಮಟನ್ನಿನ ಚರಬಿ. ಕೊಂಢವಾದಾಗ ಯಾವ ಎಣ್ಣಿ ಎಲ್ಲೀದು ಅಂತ ಯಾರು ನೋಡ್ಯಾರ.”

ಈ ಮಾತನ್ನು ಬಳಗದಲ್ಲಿ ಎಲ್ಲಿ ಹೊಡೆದರೆ ಎಲ್ಲಿ ತಾಗುತ್ತದೆಂದು ತಿಳಿದೇ ಹೇಳಿದೆ. ಒಬ್ಬ ಹೆಣ್ಣುಮಗಳು ಸೆರಗನ್ನು ಬಾಯಿಗೆ ಹಿಡಿದಳು. ಆ ಗಾಡಿಯಲ್ಲೇ, ಉಪವಾಸದಲ್ಲಿ, ಶ್ರಾದ್ಧಕ್ಕೆ ಹೋದವರು ಪದ್ಮಾಬಾಯಿ. ಅವರು ಅಂಗಳದ ತುದಿಗೆ ನೋಡಿದರು. ಶರಣಮ್ಮ ಅಲ್ಲೇ ಇದ್ದಳು, ಚಪ್ಪಲಿಗಳ ಹತ್ತಿರ, ಮುಂದೆ ನಾಲ್ಕು ಕ್ಯಾನು.

ಅವಳು ಜಗಳಾಡಿದ್ದರೆ ನನಗೆ ಅನುಕೂಲವಿತ್ತು. ಎದ್ದು ನಿಂತು, “ನಂದೇ ಎಲ್ಲ್ಯರ ತಪ್ಪಿರಬಹುದ್ರಿ” ಎಂದಳು. “ಹಸಿರು ಡ್ರಮ್ಮಿಗಿ ಕೆಂಪಿಂದು ಹೆಂಗ ಬಂತು ನಾ ನೋಡ್ತೀನಿ. ತಿಳಿಯೂತನಕ ಯಾರಿಗೂ ಎಣ್ಣಿ ಕೊಡಂಗಿಲ್ಲ.” ನಾಲ್ಕು ಕ್ಯಾನನ್ನೂ ಎತ್ತಿಕೊಂಡು ಹೋದಳು. ಐದು ಕಾರುಗಳೂ ಮಾರನೆಯ ದಿನ ಡೀಸೆಲ್ ಪಂಪಿಗೆ ಹೋದವು.

ಆಮೇಲಿನ ಆರು ವಾರವೇ ನಾನು ನಿಜವಾಗಿ ಹೇಳಬೇಕಾದದ್ದು. ಅವಳು ಇಲ್ಲದ ತಪ್ಪನ್ನು ಹುಡುಕತೊಡಗಿದಳು. ಮೊದಲು ಒಂದು ಡ್ರಮ್ಮನ್ನು ಪೂರ್ತಿ ಚೆಲ್ಲಿ ತೊಳೆದಳಂತೆ. ಮೂರು ಸಲ ತೊಳೆಯುತ್ತಿದ್ದ ಎಣ್ಣೆಯನ್ನು ಐದು ಸಲ, ಏಳು ಸಲ ತೊಳೆದಳು. ಎಣ್ಣೆ ಕೊಡುತ್ತಿದ್ದ ಖಾನಾವಳಿಗಳಿಗೆ ಹೋಗಿ, ಕದ್ದು ಏನಾದರೂ ಕರಿಯುತ್ತೀರೇನು ಎಂದು ಕೇಳಿ, ಇಬ್ಬರ ಹತ್ತಿರ ಬೈಸಿಕೊಂಡು ಅವರ ಎಣ್ಣೆಯನ್ನೂ ಕಳೆದುಕೊಂಡಳು. ಇದನ್ನೆಲ್ಲ ನನಗೆ ಅವಳೇ ಬಂದು ಹೇಳುತ್ತಿದ್ದಳು, ಏಕೆಂದರೆ ತಪ್ಪು ಕಂಡವನು ನಾನೊಬ್ಬನೇ. ನನ್ನ ಮನೆಯ ಕಟ್ಟೆಯ ಮೇಲೆ ಕೂತು, “ಆ ಚರಬಿ ಬಿಳೀದಿತ್ತೋ, ಹಳದಿ ಇತ್ತೋ ಅಣ್ಣಾರ?” ಎಂದು ಕೇಳಿದಳು ಮೊದಲ ಸಲ. ಬಿಳಿ ಎಂದೆ. ಎರಡನೆಯ ಸಲ, “ಕೈಯಾಗ ಹಿಡದ್ರ ಕರಗತಿತ್ತೇನ್ರಿ?” ಕರಗುತ್ತಿತ್ತು ಎಂದೆ. ಇಲ್ಲದ ಚರಬಿಗೆ ಬಣ್ಣ ಕೊಟ್ಟೆ, ಗುಣ ಕೊಟ್ಟೆ. ಅವಳು ತಲೆಯಾಡಿಸಿ ನೆನಪಿಟ್ಟುಕೊಂಡು ಹೋದಳು.

ಮೂರನೆಯ ಸಲ ಬಂದಾಗ ಭಾದ್ರಪದ. ಗಣಪತಿ ಹೋಗಿ ಊರೆಲ್ಲ ಗುಲಾಲಿನ ಕೆಸರು. ಅವಳು ಕಟ್ಟೆಯ ಮೇಲೆ ಕೂಡಲಿಲ್ಲ, ನಿಂತೇ ಹೇಳಿದಳು.

“ಸಿಗವಲ್ದುರಿ ಅಣ್ಣಾರ. ಎಷ್ಟು ನೋಡಿದ್ರೂ ಸಿಗವಲ್ದು. ಈಗ ಬಾಟ್ಲಿ ಬೆಳಕಿಗಿ ಹಿಡದ್ರ ನನ್ನ ಕಣ್ಣಿಗೀ ನನಗ ಭರೋಸಾ ಬರಂಗಿಲ್ಲ. ಪದರ ಇಲ್ಲ ಅಂತ ಕಾಣಸ್ತದ, ಮತ್ತ ಇದ್ರ ಹೆಂಗ ಅನಸ್ತದ. ದಸರಾ ಆದಮ್ಯಾಲ ಕಡಾಯಿ, ಡ್ರಮ್ಮು ಎಲ್ಲಾ ಕೊಟ್ಟುಬಿಡ್ತೀನಿ. ರಾಂಜಣಗಾಂವಕ ಹೋಗಿ ಬಾಟ್ಲಿ ತೊಳಿತೀನಿ. ತಪ್ಪು ಎಲ್ಲದ ಅಂತ ತಿಳೀಲಾರದಂಥಾಕಿ ಮಂದಿ ಗಾಡಿಗಿ ಎಣ್ಣಿ ಕೊಡಬಾರ್ದು.”

ನಾನು ಹೇಳಿದ್ದು ಸುಳ್ಳು ಅಂತ ಅವಳು ಒಂದು ಸಲವೂ ಸಂಶಯಪಡಲಿಲ್ಲ. ತನ್ನ ಕೈಯನ್ನು ಸಂಶಯಪಟ್ಟಳು, ಕಣ್ಣನ್ನು ಸಂಶಯಪಟ್ಟಳು, ಖಾನಾವಳಿಯವರನ್ನು ಸಂಶಯಪಟ್ಟಳು, ನನ್ನನ್ನು ಮಾತ್ರ ಬಿಟ್ಟಳು. ಸಾಹೇಬರೂ ಹಾಗೇ ಮಾಡಿದ್ದರು. ಅವಳು ಹೋದ ಮೇಲೆ ಅನ್ನದ ತಾಟು ಮುಚ್ಚಿಟ್ಟು ಎದ್ದೆ. ನೆಟ್ಟಗೆ ಸದು ಮಿಸ್ತ್ರಿಯ ಹತ್ತಿರ ಹೋದೆ. ಅವನು ಸ್ಪ್ಯಾನರನ್ನು ಕೆಳಗಿಡದೆ ಕೇಳಿಸಿಕೊಂಡ.

“ನನ್ನ ಹತ್ತಿರ ಯಾಕೆ ಬಂದೆ?” ಎಂದ. “ನಾನು ಗಾಡಿಯ ಡಾಕ್ಟರು. ಕೊಂಢವಾಕ್ಕೆ ಹೋಗುವ ಬಸ್ಸು ಆ ಕಡೆ ನಿಲ್ಲುತ್ತದೆ.”

ಬಸ್ಸಿನಲ್ಲೇ ಹೋದೆ. ಶರಣಮ್ಮ ಶೆಡ್ಡಿನ ಮುಂದೆ ಒಂದು ಖಾಲಿ ಡ್ರಮ್ಮನ್ನು ಮರಳು ಹಾಕಿ ತಿಕ್ಕುತ್ತಿದ್ದಳು. ನಾನು ನಿಂತೇ ಎಲ್ಲ ಹೇಳಿದೆ. ಚರಬಿ ಇರಲಿಲ್ಲ ಎಂದೆ. ಕೆಸರು ನನ್ನದು ಎಂದೆ. ಓಣಿಯ ಮಾತು, ಆರು ವರ್ಷದ ಮಾತು, ಸಾಹೇಬರು ಕೀಲಿ ಕೊಟ್ಟ ಮಾತು. ಅವಳು ತಿಕ್ಕುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಮುಗಿದ ಮೇಲೆ ಎದ್ದು ಒಳಗೆ ಹೋಗಿ ಒಂದು ಬಾಟಲಿಯಲ್ಲಿ ನೀರು, ಎಣ್ಣೆ ಹಾಕಿ ಅಲುಗಾಡಿಸಿ ಕಿಟಕಿಯಲ್ಲಿಟ್ಟು, ಅದರ ಮುಂದೆ ಕೂತಳು. ನೀರು ಕೆಳಗೆ ಇಳಿಯಿತು, ಎಣ್ಣೆ ಮೇಲೆ ನಿಂತಿತು. ನಡುವೆ ಏನೂ ಇರಲಿಲ್ಲ.

“ಇದು ಮೊದಲಿನಿಂದ ಹಿಂಗೇ ಇತ್ತು” ಎಂದಳು, ತನಗೆ ತಾನೇ. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. “ಇಲ್ಲಿ ಬಂದು ನನಗ ಹೇಳಿದ್ರ ಏನಾಯ್ತು? ನನ್ನ ಡ್ರಮ್ಮಿನ್ಯಾಗ ಏನದ ಅಂತ ನನಗ ಈಗ ಗೊತ್ತಾಯ್ತು. ಎಲ್ಲಿ ಅಂದೀರಿ, ಅಲ್ಲಿ ಅನ್ರಿ.”

“ಅಲ್ಲಿ ಪದ್ಮಾಬಾಯಾರು ಇರ್ತಾರ” ಎಂದೆ.

“ಅವತ್ತೂ ಇದ್ರಲ್ಲರಿ.”

ಮುಂದಿನ ಗುರುವಾರ ಭಜನೆ ಶುರುವಾಗುವ ಮೊದಲು ನಾನು ಎದ್ದು ನಿಂತೆ. ಶರಣಮ್ಮನನ್ನು ಬರಲು ಕೇಳಿಕೊಂಡಿದ್ದೆ. ಅವಳು ಬಂದಿದ್ದಳು, ಅದೇ ಚಪ್ಪಲಿಗಳ ಹತ್ತಿರ. ಏನೇನು ಹೇಳಿದೆನೋ ಅಷ್ಟು ನೆನಪಿಲ್ಲ. ಹಾರ್ಮೋನಿಯಂ ನುಡಿಸುವವರು ತಿದಿಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು, ಅದು ಸಣ್ಣಗೆ ಉಸಿರು ಬಿಡುತ್ತಿತ್ತು, ಅದೊಂದು ನೆನಪಿದೆ. ಎಲ್ಲ ಹೇಳಿ ಮುಗಿಸಿದಾಗ ಯಾರೂ ನನ್ನನ್ನು ನೋಡುತ್ತಿರಲಿಲ್ಲ.

ಪದ್ಮಾಬಾಯಿ ಒಂದೇ ಪ್ರಶ್ನೆ ಕೇಳಿದರು. “ಅವರಿಗೆ ಗೊತ್ತಾಗಿತ್ತೇನು?”

“ಇಲ್ರಿ ಅಕ್ಕಾರ.”

“ಚಲೋ ಆತು” ಎಂದರು. “ಭರೋಸಾ ಇಟ್ಕೊಂಡs ಹೋದ್ರು. ಅಷ್ಟು ಸಾಕು ನನಗ.” ಎದ್ದು ಒಳಗೆ ಹೋಗಲಿಲ್ಲ, ನನಗೆ ಹೋಗು ಅನ್ನಲೂ ಇಲ್ಲ. ಕೂತಲ್ಲಿಂದ ಎದ್ದು ಅಂಗಳವನ್ನು ದಾಟಿ, ಚಪ್ಪಲಿಗಳ ಹತ್ತಿರ ನಿಂತು, “ಶರಣಮ್ಮಾ, ಅವತ್ತು ನಾ ನಿನ್ನ ಕೇಳಬೇಕಾಗಿತ್ತು. ಕೇಳಲಿಲ್ಲ. ನಂದೂ ತಪ್ಪದ” ಎಂದರು. ಅವಳು ಗಡಬಡಿಸಿ ಎದ್ದಳು. ಅವಳ ಕೈ ಹಿಡಿದು ತಂದು ತಮ್ಮ ಪಕ್ಕದಲ್ಲಿ, ಜಮಖಾನೆಯ ಮೇಲೆ ಕೂಡಿಸಿಕೊಂಡರು.

ಗೋಪಾಳರಾಯರು ಮನುಷ್ಯ ಒಳ್ಳೆಯವರು, ಮೌನ ತಡೆಯಲಾರರು. “ಹೋಗ್ಲಿ ಬಿಡ್ರಿ, ಆಗಿದ್ದು ಆಗಿಹೋತು. ವಯಸ್ಸಾದವ ಬಾಯಿಬಿಟ್ಟು ಹೇಳ್ಯಾನ” ಎಂದರು.

ಶರಣಮ್ಮ ಮೆಲ್ಲಗೆ ಹೇಳಿದಳು: “ಹೋಗ್ಲಿ ಅನ್ಲಾಕ ಅದು ನಿಮ್ಮದಲ್ಲರಿ ರಾಯರ. ನಂದು. ನಾ ಇನ್ನಾ ಬಿಟ್ಟಿಲ್ಲ.”

ಆ ಮಾತಿಗೆ ನಾನು ಇವತ್ತಿಗೂ ಕೈ ಮುಗಿಯುತ್ತೇನೆ. ಅವಳು ಅಲ್ಲೇ ಕ್ಷಮಿಸಿಬಿಟ್ಟಿದ್ದರೆ ನಾನು ಮನೆಗೆ ಹೋಗಿ ಉಂಡು ಮಲಗುತ್ತಿದ್ದೆ. ಕೆಲವರಿಗೆ ಅಷ್ಟು ಬೇಗ ಬಿಡುಗಡೆ ಕೊಡಬಾರದು. ನನ್ನಂಥವರಿಗಂತೂ ಕೊಡಲೇಬಾರದು.

ಮಹಾಲಯ ಅಮಾವಾಸ್ಯೆಗೆ ಪದ್ಮಾಬಾಯಿ ಬಾಡಿಗೆ ಗಾಡಿ ಮಾಡಿಸಿಕೊಂಡು ವಾಯಿಗೆ ಹೋಗಿ ಸಾಹೇಬರ ಕಾರ್ಯ ಮುಗಿಸಿ ಬಂದರು. ನನ್ನನ್ನು ಕರೆಯಲಿಲ್ಲ. ಅದು ಸರಿಯೇ ಆಗಿತ್ತು. ಮಾರ್ಗಶೀರ್ಷದಲ್ಲಿ ಒಂದು ಬೆಳಿಗ್ಗೆ ಫೋನು ಮಾಡಿ, “ಕಣ್ಣಿನ ದವಾಖಾನಿಗೆ ಹೋಗೋದದ, ಗಾಡಿ ತಗೊಂಡ ಬಾ” ಎಂದರು. ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದರು. ಸಂಜೆ ವಾಡೆಯ ಮುಂದೆ ಇಳಿಯುವಾಗ, “ಸಂಜೀಮುಂದ ಥಂಡಿ ಭಾಳ ಅದ, ಸ್ವೆಟರ್ ಹಾಕ್ಕೊಂಡ ಬರಬೇಕಿಲ್ಲೇನು?” ಎಂದು ಬೈದರು. ಆ ಬೈಗುಳ ಸಿಕ್ಕಿದ್ದು ನನ್ನ ಪುಣ್ಯ.

ಶರಣಮ್ಮ ಕಡಾಯಿ ಮಾರಲಿಲ್ಲ. ಐದರಲ್ಲಿ ನಾಲ್ಕು ಕಾರುಗಳು ದಸರಾಕ್ಕೆ ಮೊದಲೇ ಅವಳ ಹತ್ತಿರ ವಾಪಸು ಬಂದವು. ಐದನೆಯದು ನನ್ನದು. ನಾನು ಎಣ್ಣೆ ಕೇಳಲಿಲ್ಲ. ಕೆಲಸ ಕೇಳಿದೆ. “ಏನ್ ಮಾಡ್ತೀರಿ ಈ ವಯಸ್ಸಿನಾಗ?” ಎಂದಳು. ಸೋಸುತ್ತೇನೆ ಎಂದೆ. ಅವಳು ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ. ಮಂಗಳವಾರ, ಶುಕ್ರವಾರ ಬಸ್ಸು ಹತ್ತಿ ಹೋಗಿ, ಹಳೆಯ ಧೋತರದ ಬಟ್ಟೆಯಲ್ಲಿ ಎಣ್ಣೆ ಸೋಸಿದೆ. ಬಜ್ಜಿಯ ಚೂರು, ಮೆಣಸಿನ ಬೀಜ, ಒಮ್ಮೆ ಒಂದು ಕಿವಿಯೋಲೆ. ಎಣ್ಣೆ ಕೊಡುವುದನ್ನು ಬಿಟ್ಟಿದ್ದ ಇಬ್ಬರು ಖಾನಾವಳಿಯವರ ಹತ್ತಿರ ನಾನೇ ಹೋಗಿ, ಆಕೆ ನಿಮ್ಮನ್ನು ಸಂಶಯಪಟ್ಟದ್ದು ನನ್ನ ಸುಳ್ಳಿನಿಂದ ಎಂದು ಹೇಳಿದೆ. ಒಬ್ಬ ಎಣ್ಣೆ ಕೊಟ್ಟ. ಇನ್ನೊಬ್ಬ ನನಗೆ ಚಹಾ ಕೊಟ್ಟ, ಎಣ್ಣೆ ಕೊಡಲಿಲ್ಲ. ಅಷ್ಟೂ ತಿಂಗಳು ಶರಣಮ್ಮ ನನ್ನನ್ನು ಅಣ್ಣಾರ ಅನ್ನಲಿಲ್ಲ. “ಆ ಬಟ್ಟಿ ಹಿಂಡ್ರಿ”, “ಆ ಡ್ರಮ್ಮು ಸರಸ್ರಿ”, ಹೀಗೆ. ಚಳಿ ಬಂದು ಎಣ್ಣೆ ಮಂದವಾಗತೊಡಗಿದಾಗ ಡ್ರಮ್ಮುಗಳಿಗೆ ಗೋಣಿಚೀಲ ಸುತ್ತುವುದನ್ನು ಕಲಿಸಿಕೊಟ್ಟಳು. ನನ್ನ ಜೀವನದಲ್ಲಿ ಅಷ್ಟು ಸಮಾಧಾನದಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಸಂಕ್ರಾಂತಿಯ ದಿನ ಶುಕ್ರವಾರವಲ್ಲ, ಮಂಗಳವಾರವೂ ಅಲ್ಲ. ಆದರೂ ಹೋದೆ. ಅವಳು ಓಣಿಯವರಿಗೆಲ್ಲ ಎಳ್ಳುಂಡೆ ಹಂಚುತ್ತಿದ್ದಳು. ಪುಣೆಯ ರೀತಿಯಂತೆ, ಕೊಟ್ಟವರೂ ತೆಗೆದುಕೊಂಡವರೂ, “ತಿಳಗೂಳ ಘ್ಯಾ, ಗೋಡ್ ಬೋಲಾ” ಎನ್ನುತ್ತಿದ್ದರು: ಎಳ್ಳು ಬೆಲ್ಲ ತಗೊಳ್ಳಿ, ಸಿಹಿ ಮಾತಾಡಿ. ನಾನು ಬಾಗಿಲ ಪಕ್ಕ ನಿಂತೆ. ಎಲ್ಲರೂ ಹೋದ ಮೇಲೆ ಅವಳು ಡಬ್ಬಿಯ ತಳದಿಂದ ಒಂದು ಉಂಡೆ ತೆಗೆದು ನನ್ನ ಅಂಗೈಯಲ್ಲಿಟ್ಟಳು.

“ತಗೋರಿ ಅಣ್ಣಾರ” ಎಂದಳು. “ಸಿಹಿ ಮಾತು ನಿಮಗ ಮೊದಲೇ ಬರ್ತದ. ನೀವು ಖರೇ ಮಾತಾಡ್ರಿ, ಸಾಕು.”

ಉಂಡೆ ಗಟ್ಟಿಯಾಗಿತ್ತು, ನನ್ನ ಹಲ್ಲಿಗೆ ಬಗ್ಗಲಿಲ್ಲ. ಬಾಯಲ್ಲಿಟ್ಟುಕೊಂಡು, ಡ್ರಮ್ಮಿನ ಪಕ್ಕ ಕೂತು, ಕರಗುವವರೆಗೂ ಕಾದೆ.